ಉಪ್ಪು ಜೌಗಿನ ಸಸಿಗಳ ಅಳಿವು-ಉಳಿವು: ಬಿಲ ತೋಡುವ ಹುಳುಗಳ ಪಾತ್ರವೇನು?

ಎರೆಹುಳು ರೈತನ ಮಿತ್ರ ಎಂಬುದು ಶಾಲೆಯ ಪಾಠಗಳಿಂದಲೇ ಎಲ್ಲರಿಗೂ ತಿಳಿದ ಸಂಗತಿ. ಮಣ್ಣನ್ನು ಕೊರೆದು ಸಡಿಲಿಸಿ, ಗಾಳಿ ಮತ್ತು ನೀರು ಬೇರಿನವರೆಗೆ ಇಳಿಯುವಂತೆ ಮಾಡುವ ಈ ಜೀವಿಯ ಉಪಕಾರವನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಗ್ರಂಥದಲ್ಲಿ, 1881ರಲ್ಲಿ, ವಿಸ್ತಾರವಾಗಿ ವಿವರಿಸಿದ್ದರು. ಆದರೆ ಹೊಲದಲ್ಲಿ ಸಸ್ಯಕ್ಕೆ ವರವಾಗುವ ಇದೇ ಕಾಯಕ ಕಡಲಂಚಿನ ಕೆಸರಿನಲ್ಲಿ ಎಳೆಯ ಸಸಿಗೆ ಶಾಪವಾಗಬಲ್ಲದು. ಎರೆಹುಳುವಿನ ದೂರದ ಬಂಧುವಾದ ಒಂದು ಕಡಲ ಹುಳು ಆಗ್ನೇಯ ಇಂಗ್ಲೆಂಡಿನ ತೀರಪ್ರದೇಶದಲ್ಲಿ ಸಸಿಗಳನ್ನು ತಲೆಯೆತ್ತಲು ಬಿಡುತ್ತಿಲ್ಲವೇ, ಅಲ್ಲಿನ ಉಪ್ಪು ಜೌಗು ನಶಿಸುವುದಕ್ಕೆ ಅದೂ ಒಂದು ಕಾರಣವೇ ಎಂಬ ಪ್ರಶ್ನೆ ಎರಡು ದಶಕಗಳ ಹಿಂದೆ ವಿಜ್ಞಾನಿಗಳನ್ನು ಎರಡು ಪಾಳಯಗಳಾಗಿ ಒಡೆದಿತ್ತು. ಸಮುದ್ರ ಮಟ್ಟ ಏರುತ್ತಿರುವ ಇಂದಿನ ದಿನಗಳಲ್ಲಿ ಆ ಪ್ರಶ್ನೆಯ ಮಹತ್ವ ಕಡಿಮೆಯಾಗಿಲ್ಲ.

ಉಪ್ಪು ಜೌಗು ಎಂದರೇನು?

ಸಮಶೀತೋಷ್ಣ ದೇಶಗಳ ಅಳಿವೆ ಮತ್ತು ಕೊಲ್ಲಿಗಳಲ್ಲಿ, ಅಲೆಗಳ ಹೊಡೆತ ಕಡಿಮೆ ಇರುವೆಡೆ, ಉಬ್ಬರದ ನೀರು ಹೊತ್ತು ತಂದ ಹೂಳು ಸಂಗ್ರಹವಾಗುತ್ತ ಹೋಗುತ್ತದೆ. ಹೂಳಿನ ಮಟ್ಟ ಸಾಕಷ್ಟು ಏರಿದಾಗ ಉಪ್ಪನ್ನು ಸಹಿಸಬಲ್ಲ ಕೆಲವೇ ಸಸ್ಯಗಳು ಅದರ ಮೇಲೆ ನೆಲೆಯೂರುತ್ತವೆ. ದಿನಕ್ಕೆರಡು ಬಾರಿಯೋ, ಹುಣ್ಣಿಮೆ-ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ ಮಾತ್ರವೋ ಮುಳುಗಿ ಏಳುವ ಇಂತಹ ಹಸಿರು ಬಯಲೇ ಉಪ್ಪು ಜೌಗು. ಉಷ್ಣವಲಯದ ತೀರಗಳಲ್ಲಿ ಇಂತಹ ಕೆಸರಿನ ಬಹುಭಾಗವನ್ನು ಮ್ಯಾಂಗ್ರೋವ್, ಅಂದರೆ ಕಾಂಡ್ಲಾ ಗಿಡಗಳು ಆಕ್ರಮಿಸಿಕೊಂಡಿರುತ್ತವೆ. ಆದ್ದರಿಂದಲೇ ಕರ್ನಾಟಕದ ಅಳಿವೆಗಳಲ್ಲಿ ಕಾಣುವುದು ಕಾಂಡ್ಲಾ ಕಾಡೇ ಹೊರತು ಯುರೋಪಿನ ಮಾದರಿಯ ವಿಶಾಲ ಉಪ್ಪು ಜೌಗಲ್ಲ.

ಜೌಗಿನ ಕಡಲ ಕಡೆಯ ಅಂಚಿಗೆ ಮೊದಲು ಕಾಲಿಡುವ ಸಸ್ಯಗಳು ಎರಡು. ಒಂದು, ಎಲೆಗಳಿಲ್ಲದಂತೆ ಕಾಣುವ, ಗಿಣ್ಣುಗಿಣ್ಣಾದ ರಸಭರಿತ ಕಾಂಡದ ಸ್ಯಾಲಿಕಾರ್ನಿಯಾ. ಇದು ಏಕವಾರ್ಷಿಕ ಸಸ್ಯ. ಪ್ರತಿ ವಸಂತದಲ್ಲಿ ಬೀಜದಿಂದಲೇ ಹೊಸದಾಗಿ ಹುಟ್ಟಬೇಕು. ಹಿಂದೆ ಗಾಜು ತಯಾರಿಕೆಗೆ ಇದರ ಬೂದಿ ಬಳಕೆಯಾಗುತ್ತಿತ್ತು. ಇಂಗ್ಲೆಂಡಿನ ಮೀನಂಗಡಿಗಳಲ್ಲಿ ಇಂದಿಗೂ ತರಕಾರಿಯಾಗಿ ಮಾರಾಟವಾಗುತ್ತದೆ. ಇನ್ನೊಂದು ಸ್ಪಾರ್ಟಿನಾ ಎಂಬ ಗಡುಸು ಹುಲ್ಲು. ಅಮೆರಿಕದಿಂದ ಬಂದ ಒಂದು ಜಾತಿ ಮತ್ತು ಯುರೋಪಿನ ಸ್ಥಳೀಯ ಜಾತಿ ಬೆರೆತು, ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನ ಸೌತಾಂಪ್ಟನ್ ಬಳಿ ಇದರ ಹೊಸ ತಳಿ ಹುಟ್ಟಿಕೊಂಡಿತು. ಬೀಜದ ಜೊತೆಗೆ ಬೇರುಕಾಂಡದಿಂದಲೂ ಇದು ಹರಡುತ್ತದೆ.

ಈ ಎರಡು ಸಸ್ಯಗಳು ಬದುಕಿದರೆ ಜೌಗು ಮುಂದುವರಿಯುತ್ತದೆ. ಕಾಂಡಗಳು ನೀರಿನ ವೇಗ ತಗ್ಗಿಸುತ್ತವೆ, ಹೂಳು ಇನ್ನಷ್ಟು ಕೂಡುತ್ತದೆ, ನೆಲ ಏರುತ್ತದೆ, ಬೇರೆ ಸಸ್ಯಗಳು ಬರುತ್ತವೆ. ಇವು ಸತ್ತರೆ ಅದು ಬರಿಯ ಕೆಸರು ಬಯಲಾಗಿಯೇ ಉಳಿಯುತ್ತದೆ. ಜೌಗಿನ ಇಡೀ ಭವಿಷ್ಯ ಕೆಲವು ಸೆಂಟಿಮೀಟರ್ ಎತ್ತರದ ಸಸಿಗಳ ಮೇಲೆ ನಿಂತಿರುವುದು ಹೀಗೆ.

ಗೋಡೆಗೆ ಕಾವಲಾಗಿ ಹುಲ್ಲು

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಬಂದಾಗ ಇಂಗ್ಲೆಂಡಿನಲ್ಲಿ 307 ಮಂದಿ, ನೆದರ್ಲೆಂಡ್ಸ್‌ನಲ್ಲಿ 1,836 ಮಂದಿ ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನ ಪೂರ್ವ ಕರಾವಳಿಯ ಎಸೆಕ್ಸ್ ಜಿಲ್ಲೆ ಅತಿ ಹೆಚ್ಚು ನೊಂದ ಪ್ರದೇಶಗಳಲ್ಲಿ ಒಂದು. ಅಲ್ಲಿನ ತಗ್ಗು ಭೂಮಿಯನ್ನು ಇಂದಿಗೂ ಕಾಯುತ್ತಿರುವುದು ಉದ್ದಕ್ಕೂ ಹಬ್ಬಿದ ಮಣ್ಣಿನ ಕಡಲ ಗೋಡೆಗಳು. ಆ ಗೋಡೆಗಳನ್ನು ಕಾಯುವುದು ಅವುಗಳ ಮುಂದಿರುವ ಉಪ್ಪು ಜೌಗು.

ಇದು ಕೇವಲ ಪ್ರಕೃತಿ ಪ್ರೇಮಿಗಳ ಮಾತಲ್ಲ. ಗೋಡೆಯ ಮುಂದೆ 80 ಮೀಟರ್ ಅಗಲದ ಜೌಗು ಇದ್ದರೆ 3 ಮೀಟರ್ ಎತ್ತರದ ಗೋಡೆ ಸಾಕು, ಜೌಗು ಇಲ್ಲದಿದ್ದರೆ 12 ಮೀಟರ್ ಎತ್ತರದ ಗೋಡೆ ಬೇಕು ಎಂದು 1990ರ ದಶಕದಲ್ಲಿ ಅಲ್ಲಿ ಲೆಕ್ಕ ಹಾಕಲಾಗಿತ್ತು. ಆಗಿನ ಬೆಲೆಯಲ್ಲಿ ಮೊದಲನೆಯದಕ್ಕೆ ಮೀಟರಿಗೆ ಸುಮಾರು 400 ಪೌಂಡ್, ಎರಡನೆಯದಕ್ಕೆ ಸುಮಾರು 5,000 ಪೌಂಡ್ ವೆಚ್ಚ. ಜರ್ಮನಿಯ ಹ್ಯಾನೋವರ್‌ನ ಬೃಹತ್ ಅಲೆ ಕಾಲುವೆಯಲ್ಲಿ ನಿಜವಾದ ಜೌಗಿನ ಹಾಸನ್ನೇ ಕತ್ತರಿಸಿ ತಂದಿರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅಲೆಗಳ ಎತ್ತರದಲ್ಲಿ ಕಂಡ ಇಳಿಕೆಯ ಶೇ. 60ರವರೆಗಿನ ಪಾಲು ಸಸ್ಯಗಳಿಂದಲೇ ಆದದ್ದು ಎಂದು ಅದು ತೋರಿಸಿತು.

ಇಂತಹ ಜೌಗು ಎಸೆಕ್ಸ್‌ನಲ್ಲಿ ವೇಗವಾಗಿ ಕರಗುತ್ತ ಬಂದಿತ್ತು. 1973ರಿಂದ 1998ರವರೆಗಿನ ಕಾಲು ಶತಮಾನದಲ್ಲಿ ಸುಮಾರು 1,000 ಹೆಕ್ಟೇರ್, ಅಂದರೆ ಸುಮಾರು 2,500 ಎಕರೆ ಜೌಗು ನಾಶವಾಯಿತೆಂದು ಅಧ್ಯಯನವೊಂದು ಅಂದಾಜು ಮಾಡಿತು. ಇದು ಅಲ್ಲಿದ್ದ ಒಟ್ಟು ಜೌಗಿನ ನಾಲ್ಕನೆಯ ಒಂದು ಭಾಗ.

ಬಿಲದ ಒಡೆಯರು

ಕಣ್ಣಿಗೆ ಬರಿದಾಗಿ ತೋರುವ ಕೆಸರು ಬಯಲು ವಾಸ್ತವವಾಗಿ ಜನನಿಬಿಡ ಪಟ್ಟಣ. ಇಲ್ಲಿ ಮುಖ್ಯವಾಗುವ ಜೀವಿ ರಾಗ್‌ವರ್ಮ್ ಎಂಬ ಹುಳು. ಇದರ ವೈಜ್ಞಾನಿಕ ಹೆಸರು ಹೆಡಿಸ್ಟೆ ಡೈವರ್ಸಿಕಲರ್. ಹಿಂದೆ ಇದನ್ನು ನೆರೀಸ್ ಕುಲಕ್ಕೆ ಸೇರಿಸಲಾಗಿತ್ತು. ದೇಹದ ಎರಡೂ ಬದಿಯಲ್ಲಿ ಸಾಲಾಗಿ ಇರುವ ಕಾಲಿನಂತಹ ಅಂಗಗಳಿಂದಾಗಿ ಅಂಚು ಹರಿದ ಬಟ್ಟೆಯಂತೆ ಕಾಣುವುದರಿಂದ, ಚಿಂದಿ ಹುಳು ಎಂಬರ್ಥದ ಈ ಹೆಸರು ಬಂದಿದೆ. ಸಾಮಾನ್ಯವಾಗಿ 6ರಿಂದ 12 ಸೆಂಟಿಮೀಟರ್ ಉದ್ದವಿರುತ್ತದೆ. ಬಾಯಿಂದ ಹೊರಚಾಚಬಲ್ಲ ಒಂದು ಜೊತೆ ಬಲವಾದ ದವಡೆಗಳಿವೆ. ಒಂದು ಚದರ ಮೀಟರ್ ಕೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಹುಳುಗಳು ಇರಬಲ್ಲವು.

ಇದರ ಆಹಾರಕ್ಕೆ ಕಟ್ಟುಪಾಡಿಲ್ಲ. ಕೆಸರಿನ ಮೇಲ್ಪದರವನ್ನು ಕೆರೆದು ತಿನ್ನುತ್ತದೆ, ಸಣ್ಣ ಪ್ರಾಣಿಗಳನ್ನು ಹಿಡಿಯುತ್ತದೆ, ಬಿಲದೊಳಗೆ ಅಂಟಿನ ಬಲೆ ನೇಯ್ದು ನೀರಿನಲ್ಲಿ ತೇಲುವ ಕಣಗಳನ್ನು ಸೋಸುತ್ತದೆ, ಎಲೆ ಸಿಕ್ಕರೆ ಬಿಲಕ್ಕೆ ಎಳೆದೊಯ್ಯುತ್ತದೆ. ಗಾಳ ಹಾಕುವವರಿಗೆ ಇದು ಪ್ರಿಯವಾದ ಎರೆ. ತೀರದ ಹಕ್ಕಿಗಳಿಗೆ ಇದು ಮುಖ್ಯ ಆಹಾರ.

ಮರಳು ಮಿಶ್ರಿತ ಬಯಲಿನಲ್ಲಿ ಇನ್ನೊಂದು ಹುಳುವಿನ ರಾಜ್ಯ. ಅದು ಲಗ್‌ವರ್ಮ್. ಬಿಲದೊಳಗೆ ಕುಳಿತು ಮರಳನ್ನು ನುಂಗಿ, ಪೋಷಕಾಂಶ ಹೀರಿ, ಉಳಿದುದನ್ನು ಹಗ್ಗದ ಸುರುಳಿಯಂತೆ ಮೇಲಕ್ಕೆ ಹೊರಹಾಕುತ್ತದೆ. ಇಳಿತದ ವೇಳೆ ಬಯಲಿನ ತುಂಬ ಈ ಗುಪ್ಪೆಗಳೇ ಕಾಣುತ್ತವೆ.

ಸಸಿಗೆ ಎದುರಾಗುವ ಕಂಟಕಗಳು

ಬಿಲ ತೋಡುವ ಜೀವಿಗಳು ಸಸಿಯ ಮೇಲೆ ಬೀರುವ ಪರಿಣಾಮ ಹಲವು ಬಗೆಯದು.

ಮೊದಲನೆಯದು ನೇರ ಆಹಾರ. ರಾಗ್‌ವರ್ಮ್ ಬೀಜವನ್ನೂ ಮೊಳಕೆಯನ್ನೂ ಹಿಡಿದು ಬಿಲದೊಳಕ್ಕೆ ಎಳೆಯುತ್ತದೆ. ಎರಡೋ ಮೂರೋ ಸೆಂಟಿಮೀಟರ್ ಎತ್ತರದ ಸಸಿಗೆ ಒಂದು ಹುಳುವಿನ ಒಂದು ಎಳೆತವೇ ಸಾಕು.

ಎರಡನೆಯದು ನೆಲದ ಅಸ್ಥಿರತೆ. ಬೇರು ಇಳಿಯುವ ಹಂತದಲ್ಲಿ ಸುತ್ತಲಿನ ಕೆಸರು ಸದಾ ಕದಲುತ್ತಿದ್ದರೆ ಸಸಿ ಆಧಾರ ಕಳೆದುಕೊಳ್ಳುತ್ತದೆ. ಮುಂದಿನ ಉಬ್ಬರದ ಸಣ್ಣ ಅಲೆಯೂ ಅದನ್ನು ಕಿತ್ತೊಯ್ಯಬಹುದು. ಲಗ್‌ವರ್ಮ್ ಇರುವೆಡೆ ಇನ್ನೊಂದು ಅಪಾಯವೂ ಇದೆ. ಅದು ಹೊರಹಾಕಿದ ಮರಳಿನ ಗುಪ್ಪೆಯಡಿ ಸಸಿ ಹೂತುಹೋಗಬಹುದು.

ಮೂರನೆಯದು ಅಷ್ಟಾಗಿ ಕಣ್ಣಿಗೆ ಬೀಳದ್ದು. ಕೆಸರಿನ ಮೇಲೆ ಕಂದು ಬಣ್ಣದ ತೆಳು ಪೊರೆಯಂತೆ ಹರಡಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಅಂಟಿನಂತಹ ದ್ರವ ಸ್ರವಿಸಿ ಹೂಳಿನ ಕಣಗಳನ್ನು ಹಿಡಿದಿಡುತ್ತವೆ. ಹುಳುಗಳು ಈ ಪೊರೆಯನ್ನೇ ಮೇಯುತ್ತವೆ. ಅಂಟು ಕಳಚಿದ ಮೇಲೆ ಕೆಸರು ಸುಲಭವಾಗಿ ಕೊಚ್ಚಿಹೋಗುತ್ತದೆ, ಅದರೊಡನೆ ಸಸಿಯೂ ಹೋಗುತ್ತದೆ.

ನಾಲ್ಕನೆಯದು ಬೀಜದ ಹೂಳುವಿಕೆ. ಇದರಲ್ಲಿ ಲಾಭ-ನಷ್ಟ ಎರಡೂ ಉಂಟು. ಮೇಲೆಯೇ ಬಿದ್ದ ಬೀಜ ಉಬ್ಬರದ ಪಾಲಾಗುತ್ತದೆ. ಬಿಲದ ಬಾಯಲ್ಲಿ ಸಿಕ್ಕಿಬಿದ್ದ ಅಥವಾ ತುಸು ಆಳಕ್ಕೆ ಹೂತ ಬೀಜ ಉಳಿಯುತ್ತದೆ. ಆದರೆ ಅದೇ ಬೀಜ ಹಲವು ಸೆಂಟಿಮೀಟರ್ ಆಳಕ್ಕೆ ಹೋದರೆ, ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಅದರ ಮೊಳಕೆ ಮೇಲ್ಮೈ ತಲುಪುವುದು ಕಷ್ಟ.

ಬೀಜ ಕೂಡಿಟ್ಟು ಮೊಳಕೆಗೆ ಕಾಯುವ ಹುಳು

ರಾಗ್‌ವರ್ಮ್ ಕುರಿತು 2016ರಲ್ಲಿ ‘ಇಕಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲಕಾರಿ ಸಂಗತಿಯನ್ನು ಬೆಳಕಿಗೆ ತಂದಿತು. ಸ್ಪಾರ್ಟಿನಾ ಬೀಜಕ್ಕೆ ಗಟ್ಟಿ ಸಿಪ್ಪೆಯಿರುತ್ತದೆ. ಹುಳು ಅದನ್ನು ಹಾಗೆಯೇ ತಿಂದು ಜೀರ್ಣಿಸಿಕೊಳ್ಳಲಾರದು. ಆದರೂ ಅದು ಬೀಜಗಳನ್ನು ಬಿಲದೊಳಗೆ ಸಂಗ್ರಹಿಸುವುದೇಕೆ ಎಂಬ ಪ್ರಶ್ನೆಗೆ ಝೆನ್‌ಚಾಂಗ್ ಝು ಮತ್ತು ಸಂಗಡಿಗರು ಕಂಡುಕೊಂಡ ಉತ್ತರ ಸರಳವಾಗಿದೆ. ಬೀಜ ಮೊಳೆತಾಗ ಸಿಪ್ಪೆ ಬಿರಿಯುತ್ತದೆ. ಮೃದುವಾದ ಮೊಳಕೆ ಹುಳುವಿಗೆ ಉತ್ತಮ ಪೌಷ್ಟಿಕ ಆಹಾರವಾಗುತ್ತದೆ.

ಹೆಸರುಕಾಳನ್ನು ನೆನೆಹಾಕಿ, ಮೊಳಕೆ ಬರಿಸಿ ಕೋಸಂಬರಿಗೋ ಹುಳಿಗೋ ಬಳಸುವ ಅಡುಗೆಮನೆಯ ಕ್ರಮವನ್ನೇ ಈ ಹುಳು ಕೆಸರಿನಡಿ ಅನುಸರಿಸುತ್ತಿದೆ ಎನ್ನಬಹುದು. ಕೃಷಿಯನ್ನು ಹೋಲುವ ಈ ವರ್ತನೆ ಇರುವೆ, ಗೆದ್ದಲುಗಳಂತಹ ಕೆಲವೇ ಜೀವಿಗಳಲ್ಲಿ ಪ್ರಸಿದ್ಧವಾಗಿತ್ತು. ಸಸಿಯ ದೃಷ್ಟಿಯಿಂದ ಇದರ ಅರ್ಥ ಬೇರೆ. ಸುರಕ್ಷಿತವಾಗಿ ಹೂತಂತೆ ತೋರುವ ಬೀಜ ಮೊಳೆಯುವ ಕ್ಷಣದಲ್ಲೇ ತುತ್ತಾಗಬಹುದು.

ಎಸೆಕ್ಸ್‌ನ ವಿವಾದ

ಎಸೆಕ್ಸ್‌ನ ಜೌಗು ಏಕೆ ನಶಿಸುತ್ತಿದೆ ಎಂಬುದಕ್ಕೆ ಬಹುಕಾಲ ಒಪ್ಪಿತವಾಗಿದ್ದ ವಿವರಣೆ ಕರಾವಳಿಯ ಇಕ್ಕಟ್ಟು. ಸಮುದ್ರ ಮಟ್ಟ ಏರಿದಾಗ ಜೌಗು ಸ್ವಾಭಾವಿಕವಾಗಿ ಒಳನಾಡಿನತ್ತ ಸರಿಯಬೇಕು. ಹಿಂದೆ ಗೋಡೆ ಅಡ್ಡವಿರುವುದರಿಂದ ಸರಿಯಲು ಜಾಗವಿಲ್ಲ. ಗೋಡೆ ಮತ್ತು ಕಡಲಿನ ನಡುವೆ ಸಿಕ್ಕಿ ಜೌಗು ಸವೆಯುತ್ತದೆ ಎಂಬುದು ಈ ವಾದದ ತಿರುಳು.

ಲಂಡನ್ ವಿಶ್ವವಿದ್ಯಾಲಯದ ಕ್ವೀನ್ ಮೇರಿ ಸಂಸ್ಥೆಯ ರೋಜರ್ ಹ್ಯೂಸ್ ಮತ್ತು ಒಡೆಟ್ ಪ್ಯಾರಮೋರ್ 2004ರಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಇಕಾಲಜಿ’ಯಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಇದನ್ನು ಪ್ರಶ್ನಿಸಿದರು. ಇಕ್ಕಟ್ಟೇ ಕಾರಣವಾಗಿದ್ದರೆ ಜೌಗಿನ ಮೇಲ್ಭಾಗದ ಸಸ್ಯಗಳು ಹೆಚ್ಚು ನಾಶವಾಗಬೇಕಿತ್ತು. ವಾಸ್ತವದಲ್ಲಿ ಹೆಚ್ಚು ನಾಶವಾಗಿರುವುದು ಕೆಳಭಾಗದ ಮುಂಚೂಣಿ ಸಸ್ಯಗಳು, ಜೊತೆಗೆ ಜೌಗಿನೊಳಗಿನ ಕಾಲುವೆಗಳು ಅಗಲವಾಗುತ್ತಿವೆ ಎಂದು ಅವರು ವಾದಿಸಿದರು. ರಾಗ್‌ವರ್ಮ್ ವಾಸಿಸುವುದು ಅದೇ ಜಾಗಗಳಲ್ಲಿ. ಪ್ರಯೋಗಾಲಯದಲ್ಲಿ ಮತ್ತು ತೀರದಲ್ಲಿ ಹುಳುಗಳನ್ನು ಹೊರಗಿಟ್ಟು ಹೋಲಿಸಿ ನೋಡಿ, ಸಸಿಗಳನ್ನು ತಿನ್ನುವ ಮತ್ತು ನೆಲವನ್ನು ಕದಡುವ ಮೂಲಕ ಹುಳು ಜೌಗಿನ ಬೆಳವಣಿಗೆಯನ್ನು ತಡೆಯುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಈ ವಾದದ ಪರಿಣಾಮ ಪ್ರಯೋಗಾಲಯಕ್ಕೆ ಸೀಮಿತವಾಗಿರಲಿಲ್ಲ. ಆ ವೇಳೆಗೆ ಇಂಗ್ಲೆಂಡಿನಲ್ಲಿ ಹಳೆಯ ಕಡಲ ಗೋಡೆಗಳನ್ನು ಉದ್ದೇಶಪೂರ್ವಕವಾಗಿ ಒಡೆದು, ಹಿಂದಿನ ಕೃಷಿ ಭೂಮಿಯನ್ನು ಮತ್ತೆ ಜೌಗಾಗಿಸುವ ಯೋಜನೆಗಳು ಆರಂಭವಾಗಿದ್ದವು. ಎಸೆಕ್ಸ್‌ನ ಟೋಲ್ಸ್‌ಬರಿಯಲ್ಲಿ 1995ರ ಆಗಸ್ಟ್‌ನಲ್ಲಿ ಗೋಡೆ ಒಡೆದು ಸುಮಾರು 21 ಹೆಕ್ಟೇರ್ ಭೂಮಿಗೆ ಕಡಲ ನೀರು ಬಿಡಲಾಗಿತ್ತು. ಹುಳುಗಳೇ ಅಡ್ಡಿಯಾಗಿದ್ದರೆ ಗೋಡೆ ಒಡೆದ ಮಾತ್ರಕ್ಕೆ ಜೌಗು ಮರಳುವುದಿಲ್ಲ. ರೈತರ ಭೂಮಿ ಬಿಟ್ಟುಕೊಟ್ಟದ್ದು ಕೆಸರು ಬಯಲಿಗಾಗಿ ಎಂದಾಗುತ್ತದೆ.

ಪ್ರತಿಕ್ರಿಯೆ ತೀವ್ರವಾಗಿತ್ತು. ಅದೇ ವರ್ಷ ಒಂದು ಖಂಡನೆ ಪ್ರಕಟವಾಯಿತು. 2005ರಲ್ಲಿ ಅಮೆರಿಕದ ಮಾರ್ಕ್ ಬರ್ಟ್‌ನೆಸ್ ಸೇರಿದಂತೆ ಐವರು ವಿಜ್ಞಾನಿಗಳು ಮತ್ತೊಂದನ್ನು ಬರೆದರು. ಕೆಲವು ಚದರ ಮೀಟರ್‌ಗಳಲ್ಲಿ ನಡೆದ ಪ್ರಯೋಗದಿಂದ ಇಡೀ ಕರಾವಳಿಯ ಸವೆತವನ್ನು ವಿವರಿಸಲಾಗದು, ಅಲೆಗಳ ಬಲ, ಹೂಳಿನ ಪೂರೈಕೆ, ನೆಲದ ಮಟ್ಟ ಇವುಗಳನ್ನು ಬದಿಗಿಡಲಾಗದು ಎಂಬುದು ಆಕ್ಷೇಪದ ಸಾರ.

ಟೋಲ್ಸ್‌ಬರಿಯ ಅನುಭವ ಎರಡೂ ಕಡೆಯವರಿಗೆ ಪಾಠವಾಯಿತು. ಅಲ್ಲಿ ಸಸ್ಯಗಳು ಮೊದಲು ನೆಲೆಯೂರಿದ್ದು ತುಸು ಎತ್ತರದ ಅಂಚುಗಳಲ್ಲಿ. ತಗ್ಗು ಭಾಗ ಹಲವು ವರ್ಷ ಕೆಸರು ಬಯಲಾಗಿಯೇ ಉಳಿಯಿತು. ತಗ್ಗು ನೆಲದಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. ಅದು ಸಸಿಗೆ ಕಷ್ಟ, ಹುಳುವಿಗೆ ಸುಖ. ಎರಡರಲ್ಲಿ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಬೇರೂರಿದ ಮೇಲೆ ಬಲಾಬಲ ಬದಲು

ಹುಳು ಮತ್ತು ಹುಲ್ಲಿನ ಸಂಬಂಧ ಏಕಮುಖವಾದುದಲ್ಲ. ಲಗ್‌ವರ್ಮ್ ಮತ್ತು ಸ್ಪಾರ್ಟಿನಾ ಕುರಿತು ನೆದರ್ಲೆಂಡ್ಸ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಹುಳು ನೆಲವನ್ನು ಕದಡಿ ಸಸಿಯನ್ನು ತಡೆಯುತ್ತದೆ. ಆದರೆ ಹುಲ್ಲು ಒಮ್ಮೆ ದಟ್ಟವಾಗಿ ಬೆಳೆದರೆ ಅದರ ಬೇರಿನ ಹೆಣಿಗೆ ಹುಳುವಿಗೆ ಬಿಲ ತೋಡಲು ಎಡೆಗೊಡುವುದಿಲ್ಲ. ಒಂದೇ ಬಯಲಿನಲ್ಲಿ ಒಂದೆಡೆ ಹುಲ್ಲು ಗೆದ್ದಿರುತ್ತದೆ, ಪಕ್ಕದಲ್ಲೇ ಹುಳು ಗೆದ್ದಿರುತ್ತದೆ. ಯಾರು ಮೊದಲು ನೆಲೆಯೂರಿದರು ಎಂಬುದೇ ನಿರ್ಣಾಯಕ.

ಆದ್ದರಿಂದ ಸಸಿಗೆ ಬೇಕಾಗಿರುವುದು ಶಾಶ್ವತ ರಕ್ಷಣೆಯಲ್ಲ, ಕೆಲವು ದಿನಗಳ ಅವಕಾಶ. ಇಂತಹ ‘ಅವಕಾಶದ ಕಿಟಕಿ’ಯ ಪರಿಕಲ್ಪನೆಯನ್ನು ಥೋರ್ಸ್ಟನ್ ಬಾಲ್ಕೆ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದರು. ಅವರು ಅಧ್ಯಯನ ಮಾಡಿದ್ದು ಜೌಗಿನ ಹುಲ್ಲನ್ನಲ್ಲ, ಏಷ್ಯಾದ ತೀರಗಳ ಅವಿಸೆನ್ನಿಯಾ ಎಂಬ ಮ್ಯಾಂಗ್ರೋವ್ ಸಸಿಯನ್ನು. ಮೊದಲು ಬೇರು ನೆಲ ಹಿಡಿಯುವಷ್ಟು ಕಾಲ ನೀರು ಬಾರದಿರಬೇಕು. ಅನಂತರ ಅಲೆಯ ಸೆಳೆತ ತಡೆಯುವಷ್ಟು ಬೇರು ಉದ್ದವಾಗಬೇಕು. ಕೊನೆಗೆ ಮೇಲ್ಮಣ್ಣು ಕೊಚ್ಚಿಹೋದರೂ ಉಳಿಯುವಷ್ಟು ಆಳಕ್ಕೆ ಇಳಿಯಬೇಕು. ಈ ಮೂರು ಹಂತಗಳನ್ನು ದಾಟಿದ ಸಸಿ ಬದುಕುತ್ತದೆ. ಅವಿಸೆನ್ನಿಯಾ ಕುಲದ ಗಿಡಗಳು ಕರ್ನಾಟಕದ ಅಳಿವೆಗಳಲ್ಲೂ ಇರುವುದರಿಂದ ಕಾಂಡ್ಲಾ ನೆಡುತೋಪುಗಳಿಗೂ ಈ ಲೆಕ್ಕಾಚಾರ ಅನ್ವಯಿಸುತ್ತದೆ.

ಏಡಿಗಳ ಎರಡು ಮುಖ

ಬಿಲ ತೋಡುವ ಜೀವಿಗಳೆಲ್ಲವೂ ಸಸ್ಯವೈರಿಗಳೆಂದು ಭಾವಿಸಿದರೆ ತಪ್ಪಾದೀತು. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಜೌಗಿನಲ್ಲಿ ಫಿಡ್ಲರ್ ಏಡಿಗಳ ಸಂಖ್ಯೆಯನ್ನು ತಗ್ಗಿಸಿ ನೋಡಿದಾಗ, ಎತ್ತರದ ಸ್ಪಾರ್ಟಿನಾ ಹುಲ್ಲಿನ ಬೆಳವಣಿಗೆ ಒಂದೇ ಹಂಗಾಮಿನಲ್ಲಿ ಶೇ. 47ರಷ್ಟು ಕುಸಿಯಿತೆಂದು ಬರ್ಟ್‌ನೆಸ್ 1985ರಲ್ಲಿ ವರದಿ ಮಾಡಿದ್ದರು. ಏಡಿಯ ಬಿಲಗಳು ಉಸಿರುಗಟ್ಟಿದ ಕೆಸರಿಗೆ ಗಾಳಿಯಾಡಿಸಿ, ನೀರು ಬಸಿಯುವಂತೆ ಮಾಡುತ್ತಿದ್ದವು. ಬಲಿತ ಹುಲ್ಲಿಗೆ ಈ ಏಡಿ ಎರೆಹುಳುವಿನಂತೆಯೇ ಮಿತ್ರ.

ಅದೇ ಪ್ರದೇಶದ ಕೇಪ್ ಕಾಡ್‌ನಲ್ಲಿ ಸೆಸಾರ್ಮಾ ಎಂಬ ಇನ್ನೊಂದು ಏಡಿ ಹುಲ್ಲನ್ನೇ ಮೇಯ್ದು ಜೌಗಿನ ಅಂಚುಗಳನ್ನು ಬೋಳಾಗಿಸಿತು. ಹವ್ಯಾಸಿ ಮೀನುಗಾರಿಕೆಯಿಂದ ಏಡಿಯನ್ನು ತಿನ್ನುವ ಮೀನು ಮತ್ತು ದೊಡ್ಡ ಏಡಿಗಳು ಕಡಿಮೆಯಾದದ್ದು ಇದಕ್ಕೆ ಕಾರಣ ಎಂದು 2012ರ ಅಧ್ಯಯನ ಬೊಟ್ಟು ಮಾಡಿತು. ಚೀನಾದ ಹಳದಿ ನದಿ ಮುಖಜ ಭೂಮಿಯಲ್ಲಿ ಬರಗಾಲದಿಂದ ಸತ್ತ ಜೌಗು ಮತ್ತೆ ಚಿಗುರಲು ಸಸ್ಯಾಹಾರಿ ಏಡಿಗಳು ಬಿಡುತ್ತಿರಲಿಲ್ಲ, ಏಡಿಗಳನ್ನು ಹೊರಗಿಟ್ಟ ಕಡೆ ಸಸ್ಯಗಳು ಮರಳಿದವು ಎಂದು 2017ರಲ್ಲಿ ವರದಿಯಾಯಿತು.

ಪುನರುಜ್ಜೀವನಕ್ಕೆ ಪಾಠಗಳು

ಹುಳುಗಳನ್ನು ಕೊಲ್ಲುವುದು ಪರಿಹಾರವಲ್ಲ. ಅವುಗಳನ್ನೇ ನಂಬಿ ಬದುಕುವ ಹಕ್ಕಿ ಮತ್ತು ಮೀನುಗಳಿವೆ. ಕೆಸರು ಬಯಲಿಗೂ ಅದರದೇ ಬೆಲೆಯಿದೆ. ಬದಲಾಗಿ, ಸಸಿಗೆ ಮೊದಲ ಹೆಜ್ಜೆಯಲ್ಲಿ ನೆರವಾಗುವ ಉಪಾಯಗಳನ್ನು ಹುಡುಕಲಾಗುತ್ತಿದೆ.

ನೆದರ್ಲೆಂಡ್ಸ್‌ನ ಓಸ್ಟರ್‌ಷೆಲ್ಡ್‌ನಲ್ಲಿ ಕಡಲ ಹುಲ್ಲನ್ನು ನೆಡುವಾಗ ಮರಳಿನಡಿ ಚಿಪ್ಪುಗಳ ಪದರ ಹಾಸಲಾಯಿತು. ಲಗ್‌ವರ್ಮ್ ಅದನ್ನು ಭೇದಿಸಲಾರದು. ಹೀಗೆ ಹುಳುವಿನ ಕಾಟ ತಪ್ಪಿಸಿದಾಗ ಯಶಸ್ಸು ಇಮ್ಮಡಿಯಾಯಿತೆಂದು 2012ರಲ್ಲಿ ಪ್ರಕಟವಾಯಿತು. ಆಲೂಗಡ್ಡೆ ಪಿಷ್ಟದಿಂದ ತಯಾರಿಸಿದ, ಕಾಲಕ್ರಮೇಣ ಕರಗಿಹೋಗುವ ಜಾಲರಿಗಳನ್ನು ಹೂತು, ಅವುಗಳ ನಡುವೆ ಹುಲ್ಲು ನೆಟ್ಟ ಪ್ರಯೋಗಗಳ ಫಲ 2020ರಲ್ಲಿ ಬಂತು. ಒಂಟಿ ಸಸಿಗೆ ದಟ್ಟ ಹುಲ್ಲುಗಾವಲಿನ ಆಸರೆಯನ್ನು ಕೃತಕವಾಗಿ ಒದಗಿಸುವುದು ಇದರ ಉದ್ದೇಶ.

ಎಸೆಕ್ಸ್‌ನ ವಾಲಸೀ ದ್ವೀಪದಲ್ಲಿ ಇನ್ನೊಂದು ದಾರಿ ಹಿಡಿಯಲಾಯಿತು. ಲಂಡನ್ನಿನ ಕ್ರಾಸ್‌ರೈಲ್ ಸುರಂಗ ಮಾರ್ಗ ಕೊರೆದಾಗ ಬಂದ ಸುಮಾರು 30 ಲಕ್ಷ ಟನ್ ಮಣ್ಣನ್ನು ಹಡಗುಗಳಲ್ಲಿ ತಂದು ತಗ್ಗು ನೆಲವನ್ನು ಎತ್ತರಿಸಲಾಯಿತು. 2015ರಲ್ಲಿ ಗೋಡೆ ಒಡೆದು ನೀರು ಬಿಡಲಾಯಿತು. ಗೋಡೆ ಒಡೆಯುವ ಮುನ್ನವೇ ನೆಲದ ಮಟ್ಟ ಸರಿಪಡಿಸಿದರೆ ಸಸ್ಯಗಳಿಗೆ ತಕ್ಕ ಎತ್ತರ ಮೊದಲ ದಿನದಿಂದಲೇ ದೊರೆಯುತ್ತದೆ.

ಕರಾವಳಿ ರಕ್ಷಣೆಯ ಚರ್ಚೆ ಸಾಮಾನ್ಯವಾಗಿ ಗೋಡೆಯ ಎತ್ತರ, ಅಲೆಯ ಬಲ ಮತ್ತು ಕೋಟಿಗಳ ಲೆಕ್ಕದಲ್ಲಿ ನಡೆಯುತ್ತದೆ. ಹುಳುವೇ ಎಸೆಕ್ಸ್‌ನ ಸವೆತದ ಮೂಲ ಎಂಬ ವಾದವನ್ನು ಒಪ್ಪಲಿ, ಬಿಡಲಿ, ಆ ವಿವಾದ ಒಂದು ಸಂಗತಿಯನ್ನು ಎಲ್ಲರ ಗಮನಕ್ಕೆ ತಂದಿತು. ಸಮುದ್ರಕ್ಕೆ ಜಾಗ ಬಿಟ್ಟ ಮಾತ್ರಕ್ಕೆ ಜೌಗು ಹುಟ್ಟುವುದಿಲ್ಲ. ಕೆಸರಿನ ಮೇಲೆ ಬಿದ್ದ ಬೀಜ ಬಿಲದ ಒಡೆಯನ ಕಣ್ಣು ತಪ್ಪಿಸಿ ಬೇರು ಬಿಡಬೇಕು. ಅದಕ್ಕೆ ಬೇಕಾದ ಕೆಲವು ದಿನಗಳನ್ನು ಒದಗಿಸಿಕೊಡುವುದರಲ್ಲಿಯೇ ಮುಂದಿನ ಹಲವು ದಶಕಗಳ ಕಡಲ ಕಾವಲು ಅಡಗಿದೆ.